ಹುಡುಕುವ ಮಕ್ಕಳಿಗೊಂದು ಪುಟ: ಶಾಲಾ ಗ್ರಂಥಾಲಯದ ಆನ್‌ಲೈನ್ ಮಾರ್ಗದರ್ಶಿ

‘ನಿಮ್ಮ ಜಿಲ್ಲೆಯ ಒಂದು ಕೆರೆಯ ಬಗ್ಗೆ ಮಾಹಿತಿ ಸಂಗ್ರಹಿಸಿ ಬರೆಯಿರಿ’ ಎಂದು ಒಂಬತ್ತನೇ ತರಗತಿಗೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಕೊಟ್ಟರೆ ಮುಂದಿನ ವಾರ ಮೇಜಿನ ಮೇಲೆ ಏನು ಬಂದು ಬೀಳುತ್ತದೆ ಎನ್ನುವುದು ಪಾಠ ಮಾಡುವವರಿಗೆಲ್ಲ ಗೊತ್ತು. ಅರ್ಧ ತರಗತಿ ಒಂದೇ ಪುಟವನ್ನು ನಕಲು ಮಾಡಿರುತ್ತದೆ. ಉಳಿದರ್ಧ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಬಣ್ಣದ ಚಿತ್ರ ಅಂಟಿಸಿ ತಂದಿರುತ್ತದೆ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಎಲ್ಲಿ ಹುಡುಕಬೇಕು, ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕು, ನಂಬಿದ್ದನ್ನು ಎಲ್ಲಿಂದ ತಂದೆ ಎಂದು ಹೇಗೆ ಬರೆಯಬೇಕು ಎನ್ನುವುದನ್ನು ನಾವು ಅವರಿಗೆ ಹೇಳಿಕೊಟ್ಟಿಲ್ಲ. ಗೂಗಲ್‌ನಲ್ಲಿ ಕೆರೆಯ ಹೆಸರು ಹೊಡೆದಾಗ ಮೊದಲು ಬರುವ ನಾಲ್ಕು ಪುಟಗಳಲ್ಲಿ ಮೂರು ಪ್ರವಾಸದ ಪುಟಗಳಾಗಿದ್ದರೆ ಮಗು ಅದನ್ನೇ ಬರೆದು ತರುತ್ತದೆ.

ಹೇಳಿಕೊಡುವ ಈ ಕೆಲಸವನ್ನು ಶಾಲೆಯ ಗ್ರಂಥಾಲಯ ವಹಿಸಿಕೊಳ್ಳಬಹುದು. ಅದಕ್ಕೆ ಇರುವ ಸಾಧನವೇ ವಿಷಯ ಮಾರ್ಗದರ್ಶಿ. ಒಂದು ವಿಷಯವನ್ನು ಅಭ್ಯಾಸ ಮಾಡಲು ಹೊರಟವರಿಗೆ ನಮ್ಮ ಬೀರುವಿನಲ್ಲಿ ಏನಿದೆ, ಅಂತರ್ಜಾಲದಲ್ಲಿ ಏನಿದೆ, ಊರಿನಲ್ಲಿ ಯಾರನ್ನು ಕೇಳಬೇಕು, ಯಾವುದರಿಂದ ಶುರು ಮಾಡಬೇಕು ಎಂದು ಒಂದೇ ಪುಟದಲ್ಲಿ ತಿಳಿಸುವ ವ್ಯವಸ್ಥೆ ಇದು. ಅಮೆರಿಕದ ಎಂಐಟಿ ಸಂಸ್ಥೆಯ ಗ್ರಂಥಾಲಯದಲ್ಲಿ 1970ರ ಆಸುಪಾಸಿನಲ್ಲಿ ಇದೇ ಕೆಲಸಕ್ಕೆ ಅಚ್ಚು ಹಾಕಿದ ಹಾಳೆಗಳನ್ನು ಇಡುತ್ತಿದ್ದರು. ಅವುಗಳನ್ನು ‘ಪಾತ್‌ಫೈಂಡರ್’ ಎನ್ನುತ್ತಿದ್ದರು. ಹಾಳೆ ಮುಂದೆ ವೆಬ್‌ಪುಟವಾಯಿತು. 2007ರಲ್ಲಿ ಸ್ಪ್ರಿಂಗ್‌ಶೇರ್ ಎಂಬ ಕಂಪನಿ ತಂದ ‘ಲಿಬ್‌ಗೈಡ್ಸ್’ ಎಂಬ ತಂತ್ರಾಂಶ ಇಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ, ದೊಡ್ಡ ಖಾಸಗಿ ಶಾಲೆಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಚಂದಾ ಕಟ್ಟಬೇಕು. ನಮ್ಮ ಪ್ರೌಢಶಾಲೆಗಳಿಗೆ ಅದರ ಅಗತ್ಯವಿಲ್ಲ; ಹಣವಿಲ್ಲದೆಯೇ ಇದನ್ನು ಮಾಡಬಹುದು.

ಬೇಕಾದದ್ದು ಸಮಯ ಮತ್ತು ಒಬ್ಬರ ಆಸಕ್ತಿ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಪೂರ್ಣಾವಧಿ ಗ್ರಂಥಪಾಲಕರು ಇರುವುದು ಅಪರೂಪ. ಕನ್ನಡ ಮೇಷ್ಟ್ರೋ ಸಮಾಜ ವಿಜ್ಞಾನದ ಮೇಡಮ್ಮೋ ಬೀರುವಿನ ಕೀಲಿ ಇಟ್ಟುಕೊಂಡು, ಪಿರಿಯಡ್ಡುಗಳ ನಡುವೆ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆಗೆಂದೇ ಡಿಆರ್‌ಟಿಸಿ ಸಂಸ್ಥೆಯನ್ನು ಕಟ್ಟಿದರು, 1972ರಲ್ಲಿ ತೀರಿಕೊಳ್ಳುವವರೆಗೂ ಇದೇ ಊರಿನಲ್ಲಿದ್ದರು. ಮಾರ್ಗದರ್ಶಿ ಆ ನಾಲ್ಕನೆಯ ಸೂತ್ರದ ನೇರ ಬಳಕೆ.

ಒಂದು ವಿಷಯವನ್ನು ತೆಗೆದುಕೊಂಡು ನೋಡೋಣ

ಚನ್ನಗಿರಿ ತಾಲ್ಲೂಕಿನ ಒಂದು ಪ್ರೌಢಶಾಲೆ ಎಂದುಕೊಳ್ಳಿ. ವಿಷಯ ಸೂಳೆಕೆರೆ, ಅಂದರೆ ಶಾಂತಿಸಾಗರ. ಮಾರ್ಗದರ್ಶಿಗೆ ‘ಕೆರೆಗಳು’ ಎಂದು ಹೆಸರಿಟ್ಟರೆ ಅದು ಸಮುದ್ರವಾಗಿಬಿಡುತ್ತದೆ. ‘ಸೂಳೆಕೆರೆ: ಒಂಬತ್ತನೇ ತರಗತಿ, ಸಮಾಜ ವಿಜ್ಞಾನ ಚಟುವಟಿಕೆ’ ಎಂದಿಟ್ಟರೆ ಕೈಗೆ ನಿಲುಕುತ್ತದೆ. ಒಂದು ಚಟುವಟಿಕೆಗೆ ಒಂದು ಮಾರ್ಗದರ್ಶಿ ಎನ್ನುವುದನ್ನು ನಿಯಮವಾಗಿಯೇ ಇಟ್ಟುಕೊಳ್ಳಬೇಕು. ಹಾಗಾಗಿ ಮೊದಲ ಕೆಲಸ ಆ ವಿಷಯದ ಶಿಕ್ಷಕರ ಜೊತೆ ಕೂತು ಮಾತಾಡುವುದು. ಮಕ್ಕಳು ಕೊನೆಗೆ ಏನು ಬರೆದು ಕೊಡಬೇಕು? ಎರಡು ಪುಟದ ಪ್ರಬಂಧವೋ, ನಕ್ಷೆಯೋ, ಹಿರಿಯರ ಸಂದರ್ಶನವೋ? ಎಷ್ಟು ಆಕರಗಳನ್ನು ನೋಡಿರಬೇಕು? ಇದು ಗೊತ್ತಿಲ್ಲದೆ ಮಾಡಿದ ಪುಟವನ್ನು ಯಾರೂ ತೆರೆಯುವುದಿಲ್ಲ.

ಎರಡನೆಯ ಕೆಲಸ ಹುಡುಕುವ ಪದಗಳ ಪಟ್ಟಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆದರೆ ಮಕ್ಕಳಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂದು ನನಗೆ ಅನಿಸಿದೆ. ಒಂದೇ ಹೆಸರಿನಿಂದ ಹುಡುಕುವ ಮಗುವಿಗೆ ಅರ್ಧ ಸಾಮಗ್ರಿ ಸಿಗುವುದಿಲ್ಲ. ಶಾಂತಿಸಾಗರ, ಸೂಳೆಕೆರೆ ಎರಡನ್ನೂ ಹೊಡೆಯಬೇಕು. ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹೊಡೆಯಬೇಕು. ಬ್ರಿಟಿಷರ ಕಾಲದ ಬರಹಗಳಲ್ಲಿ ನಮ್ಮ ಕೆರೆಗಳನ್ನು ‘ಟ್ಯಾಂಕ್’ ಎಂದೇ ದಾಖಲಿಸಿರುವುದರಿಂದ, ‘ಲೇಕ್’ ಎಂದು ಹುಡುಕಿದರೆ ಆ ಕಾಲದ ಪುಸ್ತಕಗಳು ಸಿಗುವುದಿಲ್ಲ. ಏರಿ, ತೂಬು, ಕೋಡಿ, ಹೂಳು, ಅಚ್ಚುಕಟ್ಟು, ನೀರುಗಂಟಿ ಎಂಬ ಪದಗಳನ್ನೂ ಪಟ್ಟಿಯಲ್ಲಿಡಿ. ಶಾಸನಗಳನ್ನು ನೋಡುವ ಮಕ್ಕಳಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಬೇಕಾಗುತ್ತವೆ. ಕೆರೆ ಕಟ್ಟುವುದಕ್ಕೆ, ನೋಡಿಕೊಳ್ಳುವುದಕ್ಕೆ ಬಿಟ್ಟುಕೊಟ್ಟ ಭೂಮಿ-ಆದಾಯಗಳ ಮಾತು ಈ ಪದಗಳ ಸುತ್ತ ಇರುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಮಾರ್ಗದರ್ಶಿಯೇ ಹೇಳಿಬಿಡಬೇಕು. ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಪುಸ್ತಕ, ಗ್ಯಾಸೆಟಿಯರ್, ಜನಗಣತಿ ವರದಿಗಳಲ್ಲೆಲ್ಲ ಚನ್ನಗಿರಿಯನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಹುಡುಕಬೇಕು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳಲ್ಲಿ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟಗಳಿವೆ; ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಏಳನೆಯ ಸಂಪುಟದಲ್ಲಿವೆ. ‘ದಾವಣಗೆರೆ ಶಾಸನಗಳು’ ಎಂದು ಹುಡುಕಿದ ಮಗುವಿಗೆ ಅದು ಕಾಣುವುದೇ ಇಲ್ಲ. 1997ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದವು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರದ ಶಾಲೆಗಳಿಗೂ ಇದೇ ತೊಡಕು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಅಲ್ಲಿಯ ಮಕ್ಕಳು ಬಳ್ಳಾರಿಯ ಹೆಸರಿನಲ್ಲಿ ಹುಡುಕಬೇಕು. ಯಾವ ಸರ್ಚ್ ಎಂಜಿನ್ನೂ ಈ ಕಿವಿಮಾತು ಹೇಳುವುದಿಲ್ಲ. ಊರು ಬಲ್ಲ ಮೇಷ್ಟ್ರು ಹೇಳಬೇಕು.

ಕೊಂಡಿಯ ಕೆಳಗಿನ ಎರಡು ಸಾಲು

ಪದಗಳ ಪಟ್ಟಿಯ ನಂತರ ಆಕರಗಳು. ಇಪ್ಪತ್ತು ಮೂವತ್ತು ಕೊಂಡಿಗಳನ್ನು ಸಾಲಾಗಿ ಅಂಟಿಸಿ ‘ಮಾರ್ಗದರ್ಶಿ’ ಎಂದು ಹೆಸರಿಟ್ಟ ಪುಟಗಳು ಬೇಕಾದಷ್ಟಿವೆ. ಅವುಗಳಿಂದ ಮಗುವಿಗೆ ಆಗುವ ಉಪಕಾರ ಕಡಿಮೆ. ಗೂಗಲ್ ಮಾಡುವ ಕೆಲಸವನ್ನೇ ಅವು ಇನ್ನೊಂದು ಸಲ ಮಾಡುತ್ತವೆ. ಎಂಟು ಹತ್ತು ಆಕರ ಸಾಕು. ಆದರೆ ಪ್ರತಿಯೊಂದರ ಕೆಳಗೆ ಎರಡು ಸಾಲಿನ ಟಿಪ್ಪಣಿ ಇರಬೇಕು: ಇದರಲ್ಲಿ ಏನಿದೆ, ನಿಮ್ಮ ಚಟುವಟಿಕೆಯ ಯಾವ ಭಾಗಕ್ಕೆ ಬೇಕು, ಎಲ್ಲಿ ಎಚ್ಚರವಿರಬೇಕು. ಮಾರ್ಗದರ್ಶಿ ಮಾಡುವವರ ನಿಜವಾದ ಕೆಲಸ ಈ ಟಿಪ್ಪಣಿಯೇ. ಕೊಂಡಿಯನ್ನು ಯಾರು ಬೇಕಾದರೂ ಹುಡುಕಿ ಕೊಡಬಹುದು. ಟಿಪ್ಪಣಿ ಬರೆಯಲು ಆ ಪುಸ್ತಕವನ್ನೋ ಪುಟವನ್ನೋ ತೆರೆದು ಓದಿರಬೇಕು.

ಮಾದರಿಗೆ ಒಂದೆರಡನ್ನು ಬರೆದು ತೋರಿಸುತ್ತೇನೆ.

‘ಕನ್ನಡ ವಿಶ್ವಕೋಶ, ಮೈಸೂರು ವಿಶ್ವವಿದ್ಯಾನಿಲಯ. ಕೆರೆಗಳ ಬಗ್ಗೆ, ನೀರಾವರಿಯ ಬಗ್ಗೆ ತಿಳಿದವರು ಬರೆದ ಲೇಖನಗಳಿವೆ. ಮೊದಲು ಇದನ್ನು ಓದಿ. ದಶಕಗಳ ಹಿಂದೆ ಬರೆದದ್ದಾದ್ದರಿಂದ ಜನಸಂಖ್ಯೆ, ಬೆಳೆ, ಜಿಲ್ಲೆಯ ಹೆಸರುಗಳನ್ನು ಇದರಿಂದ ತೆಗೆದುಕೊಳ್ಳಬೇಡಿ.’ ವಿಶ್ವಕೋಶದ ಹಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದೆ. ಅವುಗಳ ಬರಹಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಶಾಲೆಯ ಬೀರುವಿನಲ್ಲಿ ಅಚ್ಚಾದ ಸಂಪುಟಗಳಿದ್ದರೆ ಮೊದಲು ಅದನ್ನು ತೋರಿಸಿ.

‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7. ನಮ್ಮ ತಾಲ್ಲೂಕಿನ ಶಾಸನಗಳು ಇದರಲ್ಲಿವೆ. ಪುಸ್ತಕ ದೊಡ್ಡದು, ಹೆದರಬೇಡಿ: ಚನ್ನಗಿರಿ ತಾಲ್ಲೂಕಿನ ಭಾಗಕ್ಕೆ ಹೋಗಿ ನಿಮ್ಮ ಊರಿನ ಹೆಸರು ಇದೆಯೇ ನೋಡಿ. ಶಾಸನದ ಪಾಠದ ಜೊತೆಗೆ ಇಂಗ್ಲಿಷ್ ಅನುವಾದವೂ ಇದೆ. ಅರ್ಥವಾಗದ ಪದಗಳನ್ನು ಬರೆದುಕೊಂಡು ಕನ್ನಡ ಪಿರಿಯಡ್ಡಿಗೆ ತನ್ನಿ.’

ಇಂಥ ಟಿಪ್ಪಣಿ ಇದ್ದರೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ನೂರಿಪ್ಪತ್ತು ವರ್ಷ ಹಳೆಯ ಶಾಸನ ಸಂಪುಟವನ್ನು ತೆರೆಯುತ್ತಾಳೆ. ಇಲ್ಲದಿದ್ದರೆ ಕೊಂಡಿ ಒತ್ತಿ, ಆರುನೂರು ಪುಟದ ಸ್ಕ್ಯಾನ್ ನೋಡಿ, ಹಿಂದಕ್ಕೆ ಹೋಗಿಬಿಡುತ್ತಾಳೆ.

ಆಕರಗಳ ಕ್ರಮವೂ ಮುಖ್ಯ. ಮೊದಲು ನಮ್ಮದೇ ಗ್ರಂಥಾಲಯದ ಪುಸ್ತಕಗಳು, ಯಾವ ಬೀರು, ಯಾವ ಅರೆ, ಯಾವ ನಂಬರ್ ಎನ್ನುವುದರ ಸಮೇತ. ಡ್ಯೂಯಿ ಪದ್ಧತಿಯಲ್ಲಿ ವಿಂಗಡಿಸಿದ್ದರೆ ಕರ್ನಾಟಕದ ಇತಿಹಾಸಕ್ಕೆ 954.87 ಎಂದು ಬರೆಯಬಹುದು. ವಿಂಗಡಿಸಿಲ್ಲದಿದ್ದರೆ ‘ಎರಡನೇ ಬೀರು, ಮೇಲಿನ ಅರೆ, ನೀಲಿ ಬೈಂಡು’ ಎಂದರೂ ಆಯಿತು. ಆನ್‌ಲೈನ್ ಮಾರ್ಗದರ್ಶಿಯಲ್ಲಿ ಬೀರುವಿನ ಪುಸ್ತಕಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಮಗು ಗ್ರಂಥಾಲಯಕ್ಕೆ ವಾಪಸ್ ಬರುವುದು ಆ ಸಾಲಿನಿಂದಲೇ. ಆಮೇಲೆ ಪೀಠಿಕೆಯಾಗಿ ಓದುವಂಥವು: ವಿಶ್ವಕೋಶ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ‘ಕಣಜ’ ಜಾಲತಾಣ, ಕನ್ನಡ ವಿಕಿಪೀಡಿಯ. ವಿಕಿಪೀಡಿಯವನ್ನು ನಿಷೇಧಿಸುವ ಶಿಕ್ಷಕರೂ ಇದ್ದಾರೆ. ನನಗೆ ಅದು ಸರಿ ಎನಿಸುವುದಿಲ್ಲ. ಲೇಖನವನ್ನು ನಕಲು ಮಾಡಬೇಡಿ, ಕೆಳಗಿನ ‘ಉಲ್ಲೇಖಗಳು’ ಭಾಗಕ್ಕೆ ಹೋಗಿ, ಅಲ್ಲಿ ಹೆಸರಿಸಿದ ಪುಸ್ತಕ-ಪತ್ರಿಕೆಗಳನ್ನು ಹಿಡಿಯಿರಿ ಎಂದು ಹೇಳಿಕೊಟ್ಟರೆ ಅದೇ ಒಳ್ಳೆಯ ಹೆಬ್ಬಾಗಿಲು. ಉಲ್ಲೇಖಗಳೇ ಇಲ್ಲದ ಲೇಖನವಾದರೆ ಅದನ್ನೂ ಟಿಪ್ಪಣಿಯಲ್ಲಿ ಹೇಳಿ.

ಪದಗಳ ಅರ್ಥಕ್ಕೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ. ವಚನಗಳ ಬಗ್ಗೆ ಮಾರ್ಗದರ್ಶಿ ಮಾಡುವುದಾದರೆ ‘ವಚನ ಸಂಚಯ’ವನ್ನು ಬಿಡುವ ಹಾಗಿಲ್ಲ, ಸಾವಿರಾರು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ‘ಕೆರೆ’ ಎಂದು ಹೊಡೆದು ನೋಡಲು ಮಕ್ಕಳಿಗೆ ಹೇಳಿ, ಸಮಾಜ ವಿಜ್ಞಾನದ ಚಟುವಟಿಕೆ ಕನ್ನಡದ ಪಾಠಕ್ಕೂ ಹೊಂದಿಕೊಳ್ಳುತ್ತದೆ.

ನಕ್ಷೆಗಳಿಗೆ ಪ್ರತ್ಯೇಕ ಜಾಗ ಕೊಡಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ಗ್ರಾಮ ನಕ್ಷೆಯ ಮೇಲೆ ತೋರಿಸುವ ‘ದಿಶಾಂಕ್’ ಆ್ಯಪ್ ಇದೆ. ಇಸ್ರೊದ ‘ಭುವನ್’ ಇದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು. ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆಯ ಗೆರೆ ಎಲ್ಲಿದೆ, ಇವತ್ತಿನ ಚಿತ್ರದಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂದು ಎರಡನ್ನೂ ಹೋಲಿಸಿದ ಮಗುವಿಗೆ ಒತ್ತುವರಿ ಎಂದರೇನು ಎಂದು ಬೇರೆ ಪಾಠ ಬೇಡ. ಅಂಕಿ-ಅಂಶಕ್ಕೆ ಕೇಂದ್ರ ಜಲಶಕ್ತಿ ಸಚಿವಾಲಯ 2023ರಲ್ಲಿ ಹೊರತಂದ ಜಲಕಾಯಗಳ ಗಣತಿಯ ವರದಿಯನ್ನು ಕೊಡಬಹುದು. ದೇಶದಲ್ಲಿ 24,24,540 ಕೆರೆ-ಕಟ್ಟೆ-ಕೊಳಗಳನ್ನು ಅದು ಎಣಿಸಿದೆ.

ಕೊನೆಗೆ ಮನುಷ್ಯರು. ನೀರುಗಂಟಿಯ ಕೆಲಸ ಮಾಡಿದವರು, ಅಚ್ಚುಕಟ್ಟಿನ ರೈತರು, ಮೀನು ಹಿಡಿಯುವವರು, ಗ್ರಾಮ ಪಂಚಾಯಿತಿಯವರು. ಇವರನ್ನು ಏನು ಕೇಳಬೇಕು ಎಂದು ನಾಲ್ಕೈದು ಪ್ರಶ್ನೆಗಳನ್ನು ಬರೆದಿಡಿ: ಕೆರೆಯಿಂದ ಹೊರಡುವ ಸಿದ್ಧನಾಲೆ, ಬಸವನಾಲೆಗಳ ನೀರು ಯಾವ ಯಾವ ಊರಿಗೆ ಹೋಗುತ್ತದೆ? ಕೆರೆ ಕೋಡಿ ಬಿದ್ದದ್ದು ನಿಮಗೆ ನೆನಪಿರುವಂತೆ ಯಾವಾಗ? ಯಾರ ಹೆಸರು, ಫೋನ್ ನಂಬರನ್ನೂ ಮಾರ್ಗದರ್ಶಿಯ ಪುಟದಲ್ಲಿ ಹಾಕಬೇಡಿ. ‘ಮೇಷ್ಟ್ರನ್ನು ಕೇಳಿ, ಪರಿಚಯ ಮಾಡಿಸುತ್ತಾರೆ’ ಎಂದಷ್ಟೇ ಇರಲಿ.

ನಂಬುವ ಮೊದಲು ಕೇಳಬೇಕಾದದ್ದು

ಸೂಳೆಕೆರೆಯ ಬಗ್ಗೆ ಹುಡುಕಿದವರಿಗೆಲ್ಲ ಒಂದು ವಾಕ್ಯ ಎದುರಾಗುತ್ತದೆ: ಇದು ಏಷ್ಯಾದ ಎರಡನೆಯ ಅತಿ ದೊಡ್ಡ ಕೆರೆ. ಪುಟದಿಂದ ಪುಟಕ್ಕೆ, ಪತ್ರಿಕೆಯಿಂದ ಭಾಷಣಕ್ಕೆ ಈ ಮಾತು ಹರಿದಾಡುತ್ತಿದೆ. ಮಾರ್ಗದರ್ಶಿಯಲ್ಲಿ ಇದನ್ನೇ ಅಭ್ಯಾಸವಾಗಿ ಇಟ್ಟುಬಿಡಿ. ಯಾರು ಅಳೆದರು? ಯಾವಾಗ? ಯಾವುದನ್ನು ಅಳೆದರು: ನೀರಿನ ಹರವನ್ನೋ, ಏರಿಯ ಉದ್ದವನ್ನೋ, ಸುತ್ತಳತೆಯನ್ನೋ? ಮೊದಲನೆಯದು ಯಾವ ಕೆರೆ? ಈ ನಾಲ್ಕು ಪ್ರಶ್ನೆಗಳನ್ನು ಹಿಡಿದು ಮೂರು ಜಾಲತಾಣಗಳನ್ನು ನೋಡಿದ ಮಗುವಿಗೆ ತಾನೇ ತಿಳಿಯುತ್ತದೆ: ಎಲ್ಲರೂ ಇನ್ನೊಬ್ಬರಿಂದ ತೆಗೆದುಕೊಂಡಿದ್ದಾರೆ, ಅಳತೆ ಕೊಟ್ಟವರು ಕಡಿಮೆ. ಆಗ ರೈಸ್ ಅವರ ಹಳೆಯ ಮೈಸೂರು ಗ್ಯಾಸೆಟಿಯರ್ ಕಡೆಗೆ, ನೀರಾವರಿ ಇಲಾಖೆಯ ಅಂಕಿಗಳ ಕಡೆಗೆ ಅದನ್ನು ತಿರುಗಿಸಬೇಕು. ‘ವಿಶ್ವಾಸಾರ್ಹ ಮೂಲಗಳನ್ನು ಬಳಸಿ’ ಎಂದು ದಪ್ಪಕ್ಷರದಲ್ಲಿ ಬರೆದರೆ ಯಾವ ಮಗುವೂ ಕಲಿಯುವುದಿಲ್ಲ. ತಮ್ಮದೇ ಕೆರೆಯ ಬಗೆಗಿನ ಒಂದು ಮಾತನ್ನು ತಾವೇ ಪರೀಕ್ಷಿಸಿದರೆ ಮರೆಯುವುದಿಲ್ಲ.

ಐತಿಹ್ಯದ ವಿಷಯವೂ ಹಾಗೆಯೇ. ಈ ಕೆರೆಯ ಐತಿಹ್ಯದಲ್ಲಿ ಬರುವ ಶಾಂತವ್ವೆಯ ಕಥೆಯನ್ನು ಬಿಡಬೇಕಾಗಿಲ್ಲ, ಬಿಡಲೂಬಾರದು. ಆದರೆ ‘ಊರವರು ಹೇಳುವ ಕಥೆ’ ಎಂಬ ತಲೆಬರಹದಡಿ ಅದು ಬರಬೇಕು, ಶಾಸನದ ಮಾತು ಶಾಸನದಡಿ ಬರಬೇಕು.

ಚಾಟ್‌ಜಿಪಿಟಿಯಂಥ ಎಐ ಉಪಕರಣಗಳನ್ನು ಮಕ್ಕಳು ಈಗಾಗಲೇ ಬಳಸುತ್ತಿದ್ದಾರೆ. ಇಲ್ಲವೆಂದು ನಟಿಸುವುದಕ್ಕಿಂತ ಮಾರ್ಗದರ್ಶಿಯಲ್ಲೇ ನೇರವಾಗಿ ಬರೆಯುವುದು ವಾಸಿ. ಕಷ್ಟದ ವಾಕ್ಯವನ್ನು ಸರಳ ಮಾಡಿಸಿಕೊಳ್ಳಲು, ಹುಡುಕುವ ಪದಗಳನ್ನು ಕೇಳಲು ಅದನ್ನು ಬಳಸಬಹುದು. ಇಸವಿ, ಅಳತೆ, ಶಾಸನ, ಪುಸ್ತಕದ ಹೆಸರು ಹೇಳಿದರೆ ಮಾತ್ರ ಇನ್ನೊಂದು ಕಡೆ ಕಣ್ಣಾರೆ ನೋಡುವವರೆಗೆ ಬರೆಯಬಾರದು. ಇಲ್ಲದ ಪುಸ್ತಕಗಳ ಹೆಸರನ್ನೂ ಅದು ಇದ್ದ ಹಾಗೆಯೇ ಹೇಳಿಬಿಡುತ್ತದೆ. ಊರಿನ ಕೆರೆಯಂಥ ಸಣ್ಣ ವಿಷಯಗಳಲ್ಲಿ ಈ ಅಪಾಯ ಹೆಚ್ಚು.

ಪುಟ ಕಟ್ಟುವ ಕೆಲಸ

ಇದು ತೀರ ಸುಲಭದ ಭಾಗ. ಒಂದು ಜಿಮೇಲ್ ಖಾತೆ ಇದ್ದರೆ ಗೂಗಲ್ ಸೈಟ್ಸ್ ಉಚಿತ. ಕೋಡಿಂಗ್ ಬೇಡ, ಪಠ್ಯ, ಚಿತ್ರ, ಕೊಂಡಿಗಳನ್ನು ಎಳೆದು ಕೂರಿಸಬಹುದು. ವೈಯಕ್ತಿಕ ಖಾತೆಯಲ್ಲಿ ಮಾಡಬೇಡಿ, ಶಾಲೆಯ ಹೆಸರಿನ ಖಾತೆ ತೆರೆದು ಅದರಲ್ಲಿ ಮಾಡಿ, ಪಾಸ್‌ವರ್ಡ್ ಮುಖ್ಯೋಪಾಧ್ಯಾಯರ ಬಳಿಯೂ ಇರಲಿ. ಮೇಷ್ಟ್ರಿಗೆ ವರ್ಗವಾದ ದಿನ ಮಾರ್ಗದರ್ಶಿಗಳೂ ವರ್ಗವಾಗಿ ಹೋಗಬಾರದು. ಗೂಗಲ್ ಸೈಟ್ಸ್ ಒಗ್ಗದವರು ಒಂದು ಗೂಗಲ್ ಡಾಕ್ ಮಾಡಿ, ಕೊಂಡಿ ಇದ್ದವರು ಯಾರು ಬೇಕಾದರೂ ಓದಬಹುದು, ತಿದ್ದಲಾಗದು ಎಂದು ಸೆಟ್ ಮಾಡಿದರೂ ನಡೆಯುತ್ತದೆ.

ಮಕ್ಕಳು ಇದನ್ನು ನೋಡುವುದು ಸಂಜೆ ಅಪ್ಪನದೋ ಅಮ್ಮನದೋ ಮೊಬೈಲ್‌ನಲ್ಲಿ, ಅದೂ ಅರ್ಧ ಗಂಟೆ. ಆದ್ದರಿಂದ ಪುಟವನ್ನು ಕಂಪ್ಯೂಟರಿನಲ್ಲಿ ಮಾಡಿ ಮುಗಿಸಿದ ಮೇಲೆ ಒಂದು ಸಾಧಾರಣ ಮೊಬೈಲ್‌ನಲ್ಲಿ ತೆರೆದು ನೋಡಲೇಬೇಕು. ದೊಡ್ಡ ಚಿತ್ರಗಳು ಬೇಡ. ನೂರು ಎಂಬಿ ಪಿಡಿಎಫ್‌ಗೆ ಕೊಂಡಿ ಕೊಡುವುದಾದರೆ ‘ದೊಡ್ಡ ಕಡತ, ಶಾಲೆಯ ಲ್ಯಾಬ್‌ನಲ್ಲಿ ನೋಡಿ’ ಎಂದು ಬರೆಯಿರಿ. ಇಂಥ ಪುಸ್ತಕಗಳಲ್ಲಿ ಬೇಕಾದದ್ದು ಯಾವ ಪುಟದಲ್ಲಿದೆ ಎಂದು ಪುಟಸಂಖ್ಯೆ ಕೊಟ್ಟರೆ ಮಗುವಿನ ಸಂಜೆ ಉಳಿಯುತ್ತದೆ.

ಹಳೆಯ ಪುಸ್ತಕಗಳನ್ನು ಹುಡುಕುವಾಗ ನಿಮಗೆ ಎದುರಾಗುವ ಎರಡು ತೊಂದರೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ಗಳಿವೆ, ಆದರೆ ಹೆಚ್ಚಿನವುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಹೇಗೆ ಹೇಗೋ ಬರೆದಿದ್ದಾರೆ. ಕನ್ನಡದಲ್ಲಿ ಹುಡುಕಿ ಸಿಗಲಿಲ್ಲವೆಂದು ಬಿಡಬೇಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ರೀತಿ ಹೊಡೆದು ನೋಡಿ, ಲೇಖಕರ ಹೆಸರಿನಿಂದಲೂ ನೋಡಿ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕಾಟ ಇದಕ್ಕಿಂತ ಅಚ್ಚುಕಟ್ಟು, ಆದರೆ ಅಲ್ಲಿ ಸಿಗುವ ಎಷ್ಟೋ ಸಾಮಗ್ರಿ ಬೇರೆ ತಾಣದಲ್ಲಿರುತ್ತದೆ. ಅಲ್ಲಿಗೆ ಹೋಗಿ ನೋಡಿ, ತೆರೆದರೆ ಮಾತ್ರ ಆ ಕೊಂಡಿಯನ್ನು ಹಾಕಿ. ಇನ್ನೊಂದು ತೊಂದರೆ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಸರ್ಕಾರಿ ಪಿಡಿಎಫ್‌ಗಳದು. ಕಣ್ಣಿಗೆ ಕನ್ನಡ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ, ಒಳಗೆ ಹುಡುಕಲೂ ಆಗುವುದಿಲ್ಲ. ಅಂಥ ಪುಟದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಯೂನಿಕೋಡ್ ಪಠ್ಯ ಸಿಗುತ್ತದೆ. ತಪ್ಪುಗಳಿರುತ್ತವೆ, ತಿದ್ದಿಕೊಳ್ಳಬೇಕು.

ಪುಟ ಸಿದ್ಧವಾದ ಮೇಲೆ ಅದಕ್ಕೊಂದು ಕ್ಯೂಆರ್ ಕೋಡ್ ಮಾಡಿ. ಪಠ್ಯಪುಸ್ತಕಗಳಲ್ಲಿ ದೀಕ್ಷಾ ವೇದಿಕೆಯ ಕ್ಯೂಆರ್ ಕೋಡ್ ನೋಡಿ ಮಕ್ಕಳಿಗೆ ಅಭ್ಯಾಸವಾಗಿದೆ. ಒಂದು ಚೀಟಿಯನ್ನು ಗ್ರಂಥಾಲಯದ ಬೀರುವಿಗೆ ಅಂಟಿಸಿ, ಒಂದನ್ನು ತರಗತಿಯ ನೋಟಿಸ್ ಬೋರ್ಡಿಗೆ ಹಾಕಿ, ಚಟುವಟಿಕೆಯ ವಿವರ ಕೊಡುವ ಹಾಳೆಯ ಮೂಲೆಯಲ್ಲೂ ಅಚ್ಚಾಗಲಿ. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಮಾರ್ಗದರ್ಶಿಯನ್ನೇ ಎರಡು ಪುಟದಲ್ಲಿ ಪ್ರಿಂಟ್ ತೆಗೆದು ಕೊಡಿ; ಇದನ್ನು ಆಮೇಲೆ ನೋಡೋಣ ಎಂದು ಬಿಡುವ ಹಾಗಿಲ್ಲ, ಮೊದಲ ದಿನವೇ ಆಗಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿಯ ಮೇಲ್ವಿಚಾರಕರಿಗೂ ಒಂದು ಪ್ರತಿ ತಲುಪಿಸಿ, ಸಂಜೆ ಅಲ್ಲಿಗೆ ಹೋದ ಮಕ್ಕಳಿಗೆ ಅವರು ತೆರೆದು ಕೊಡುತ್ತಾರೆ. ಇಂಟರ್ನೆಟ್ ಸರಿಯಾಗಿಲ್ಲದ ಶಾಲೆಯ ಲ್ಯಾಬ್‌ಗೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು.

ಕೃತಿಸ್ವಾಮ್ಯ

ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಬಿಎಂಶ್ರೀ ಅವರ ಬರಹಗಳನ್ನು ಯಾರು ಬೇಕಾದರೂ ಹಂಚಬಹುದು. 1975ರಲ್ಲಿ ತೀರಿಕೊಂಡ ಡಿವಿಜಿ ಅವರ ಕೃತಿಗಳ ಹಕ್ಕು 2035ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ ಇದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಟೆಲಿಗ್ರಾಂನಲ್ಲಿ ಓಡಾಡುವ ಇತ್ತೀಚಿನ ಪುಸ್ತಕಗಳ ಪಿಡಿಎಫ್‌ಗಳಿಗೆ ಶಾಲೆಯ ಮಾರ್ಗದರ್ಶಿಯಿಂದ ಕೊಂಡಿ ಕೊಡಬಾರದು. ಕನ್ನಡದ ಲೇಖಕರು, ಸಣ್ಣ ಪ್ರಕಾಶಕರು ಬದುಕುವುದು ಮಾರಾಟವಾಗುವ ಆ ಕೆಲವು ನೂರು ಪ್ರತಿಗಳಿಂದ. ಅಂಥ ಪುಸ್ತಕ ಬೇಕಿದ್ದರೆ ಹೆಸರು, ಪ್ರಕಾಶಕರು, ಬೆಲೆ ಬರೆದು ‘ತಾಲ್ಲೂಕು ಗ್ರಂಥಾಲಯದಲ್ಲಿ ಕೇಳಿ’ ಎನ್ನಿ, ಶಾಲೆಗೆ ಅನುದಾನ ಬಂದಾಗ ತರಿಸಿ.

ಮಕ್ಕಳಿಗೂ ಇದನ್ನೇ ಬೇರೆ ರೀತಿಯಲ್ಲಿ ಕಲಿಸಬೇಕು. ಮಾರ್ಗದರ್ಶಿಯ ಕೊನೆಯಲ್ಲಿ ಆಕರ ಬರೆಯುವ ಎರಡು ಮಾದರಿ ಇರಲಿ: ಪುಸ್ತಕವಾದರೆ ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಪುಟ, ಜಾಲತಾಣವಾದರೆ ಲೇಖನದ ಹೆಸರು, ತಾಣದ ಹೆಸರು, ನೋಡಿದ ದಿನಾಂಕ. ಹಿರಿಯರನ್ನು ಮಾತಾಡಿಸಿದ್ದರೆ ಅವರ ಒಪ್ಪಿಗೆ ಪಡೆದು ಹೆಸರು, ಊರು, ಮಾತಾಡಿದ ದಿನ. ಪ್ರೌಢಶಾಲೆಗೆ ಇಷ್ಟು ಸಾಕು. ಅಂಕ ಕೊಡುವಾಗ ಶಿಕ್ಷಕರು ಈ ಪಟ್ಟಿಗೂ ಒಂದೆರಡು ಅಂಕ ಮೀಸಲಿಟ್ಟರೆ ಮಕ್ಕಳು ಅದನ್ನು ಬರೆಯುತ್ತಾರೆ, ಇಲ್ಲದಿದ್ದರೆ ಬರೆಯುವುದಿಲ್ಲ.

ಮಾಡಿಟ್ಟ ಮೇಲೆ

ಸರ್ಕಾರಿ ಜಾಲತಾಣಗಳ ವಿಳಾಸಗಳು ಬದಲಾಗುತ್ತಲೇ ಇರುತ್ತವೆ. ಈ ವರ್ಷ ತೆರೆದ ಕೊಂಡಿ ಮುಂದಿನ ಜೂನ್‌ಗೆ ತೆರೆಯದಿರಬಹುದು. ಶಾಲೆ ಶುರುವಾಗುವ ಹೊತ್ತಿಗೊಮ್ಮೆ, ದಸರಾ ರಜೆ ಮುಗಿದ ಮೇಲೊಮ್ಮೆ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡಿ, ಪುಟದ ಕೆಳಗೆ ‘ಕೊನೆಯ ಬಾರಿ ಪರಿಶೀಲಿಸಿದ್ದು’ ಎಂದು ದಿನಾಂಕ ಬರೆಯಿರಿ. ಈ ಕೆಲಸವನ್ನು ಎಂಟನೇ ತರಗತಿಯ ಮಕ್ಕಳಿಗೆ ಲ್ಯಾಬ್ ಪಿರಿಯಡ್ಡಿನಲ್ಲಿ ಒಪ್ಪಿಸಬಹುದು. ಬಹಳ ಖುಷಿಯಿಂದ ಮಾಡುತ್ತಾರೆ. ಬೇಕಾದ ಪುಟ ಅಳಿದುಹೋಗುವ ಭಯವಿದ್ದರೆ ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ನಲ್ಲಿ ಅದನ್ನು ಉಳಿಸಿಟ್ಟು ಆ ಕೊಂಡಿಯನ್ನೂ ಪಕ್ಕದಲ್ಲಿ ಕೊಡಿ.

ಚಟುವಟಿಕೆ ಮುಗಿದ ಮೇಲೆ ಮಕ್ಕಳ ಆಕರ ಪಟ್ಟಿಗಳನ್ನು ಒಮ್ಮೆ ಓದಿ. ಯಾವ ಆಕರವನ್ನು ಯಾರೂ ಮುಟ್ಟಿಲ್ಲವೋ ಅದರ ಟಿಪ್ಪಣಿ ಬದಲಿಸಿ, ಇಲ್ಲವೇ ಅದನ್ನು ತೆಗೆಯಿರಿ. ಮಾರ್ಗದರ್ಶಿಯಲ್ಲಿ ಇಲ್ಲದ ಒಳ್ಳೆಯದೊಂದನ್ನು ಮಗುವೇ ಹುಡುಕಿ ತಂದಿದ್ದರೆ, ಅಜ್ಜನ ಬಳಿಯಿದ್ದ ಹಳೆಯ ನೀರ್ತೆರಿಗೆ ರಸೀದಿಯೇ ಇರಲಿ, ಅದನ್ನು ಮುಂದಿನ ವರ್ಷದ ಪುಟಕ್ಕೆ ಸೇರಿಸಿ. ಮಕ್ಕಳ ಹೆಸರು, ಫೋಟೊ, ಮನೆಯವರ ನಂಬರು ಮಾತ್ರ ಸಾರ್ವಜನಿಕ ಪುಟಕ್ಕೆ ಹೋಗದಿರಲಿ.

ನೆರೆಯ ಶಾಲೆಗಳವರು ಸೇರಿಕೊಂಡರೆ ಕೆಲಸ ಹಗುರ. ಒಂದೇ ಪಠ್ಯಕ್ರಮ, ಒಂದೇ ತಾಲ್ಲೂಕು. ಕ್ಲಸ್ಟರ್ ಸಭೆಯಲ್ಲಿ ವಿಷಯಗಳನ್ನು ಹಂಚಿಕೊಂಡು ಒಬ್ಬೊಬ್ಬರು ಒಂದೊಂದು ಮಾರ್ಗದರ್ಶಿ ಮಾಡಿದರೆ ವರ್ಷದ ಕೊನೆಗೆ ತಾಲ್ಲೂಕಿಗೆ ಒಂದು ಸಣ್ಣ ಭಂಡಾರವೇ ಆಗುತ್ತದೆ. ಅಷ್ಟು ಕಾಯಬೇಕಾಗಿಲ್ಲ. ಈ ವರ್ಷದ ಮುಂದಿನ ಎಫ್‌ಎ ಚಟುವಟಿಕೆ ಯಾವುದು ಎಂದು ನಾಳೆ ಸ್ಟಾಫ್ ರೂಮಿನಲ್ಲಿ ಕೇಳಿ, ಅದೊಂದಕ್ಕೆ ಐದು ಆಕರ ಆರಿಸಿ, ಐದನ್ನೂ ಓದಿ, ಪ್ರತಿಯೊಂದರ ಕೆಳಗೆ ಎರಡು ಸಾಲು ಬರೆದು ಮಕ್ಕಳ ಕೈಗೆ ಕೊಡಿ.